ಬ್ಯಾರಕ್ ನಡೆಸುವವರು ಯಾರು? ಹೊಸ ವೀಕ್ಷಕರಿಗೆ ಏನು ಕಲಿಸಬೇಕು?

ಪ್ರಶ್ನೆ: ಸರ್, ನಾನು ಕಲ್ಯಾಣ ಕರ್ನಾಟಕದ ಒಂದು ಜೈಲಿನಲ್ಲಿ ಸಹಾಯಕ ಜೈಲರ್. ಕೆಲಸಕ್ಕೆ ಸೇರಿ ನಾಲ್ಕು ವರ್ಷ ಆಯಿತು. ಮುಂದಿನ ತಿಂಗಳು ಕಲಬುರಗಿಯಲ್ಲಿ ಹೊಸ ವೀಕ್ಷಕರಿಗೆ, ಅಂದರೆ ಬಂಧಿಗಳನ್ನು ಕಾಯುವ ವಾರ್ಡರ್‌ಗಳಿಗೆ, ಎರಡು ದಿನದ ತರಬೇತಿ ಇದೆ. ಬಂಧಿಗಳು ತಮ್ಮತಮ್ಮಲ್ಲಿ ಹೇಗೆ ಬದುಕುತ್ತಾರೆ ಅನ್ನುವ ವಿಷಯ ನನ್ನ ಪಾಲಿಗೆ ಬಂದಿದೆ. ನನಗೇ ಯಾರೂ ಇದನ್ನು ಹೇಳಿಕೊಟ್ಟಿಲ್ಲ. ಪರೇಡ್, ರೈಫಲ್, ರಿಜಿಸ್ಟರ್, ನಿಯಮ ಎಲ್ಲ ಕಲಿತೆ. ಬ್ಯಾರಕ್ ಒಳಗೆ ಯಾರ ಮಾತು ಯಾಕೆ ನಡೆಯುತ್ತದೆ ಅನ್ನುವುದನ್ನು ಮಾತ್ರ ಕಲಿಯಲಿಲ್ಲ.

ಎರಡು ತಿಂಗಳ ಹಿಂದೆ ನಮ್ಮಲ್ಲಿ ಒಂದು ಬ್ಯಾರಕ್‌ನಲ್ಲಿ ಹೊಡೆದಾಟ ಆಯಿತು. ನೀರಿನ ಸರದಿಗೆ ಜಗಳ ಅಂತ ವರದಿಯಲ್ಲಿ ಬರೆದೆವು. ಹೊಸದಾಗಿ ಬಂದಿದ್ದ ಒಬ್ಬ ಹುಡುಗನ ತಲೆಗೆ ಏಳು ಹೊಲಿಗೆ ಬಿತ್ತು. ಆ ಬ್ಯಾರಕ್‌ನಲ್ಲಿ ಆರು ವರ್ಷದಿಂದ ವಿಚಾರಣೆಯಲ್ಲೇ ಇರುವ ಒಬ್ಬ ಹಿರಿಯ ಇದ್ದಾನೆ. ಎಲ್ಲರೂ ಕಾಕಾ ಅಂತಾರೆ. 'ಕಾಕಾಗ ಹೇಳಿಬಿಡ್ರಿ, ಅವನ ನೋಡ್ಕೊಂತಾನ' ಅನ್ನುವುದು ನಮ್ಮ ಹಳೆಯ ಸಿಬ್ಬಂದಿಯ ಮಾತು. ಇನ್ನು ಕೆಲವರು 'ಬಂಧಿಗಳ ಜೋಡಿ ಮಾತೇ ಆಡಬ್ಯಾಡ್ರಿ, ಸಿಕ್ಕಿ ಬೀಳ್ತೀರಿ' ಅಂತಾರೆ. ಹೊಸಬರಿಗೆ ನಾನು ಯಾವುದನ್ನು ಹೇಳಲಿ? ಕಾಕಾನನ್ನು ಬೇರೆ ಜೈಲಿಗೆ ಕಳಿಸಿದರೆ ಎಲ್ಲ ಸರಿ ಹೋಗುತ್ತಾ? ಇದು ಕಲಿಸಿದರೆ ಬರುವ ವಿದ್ಯೆನಾ, ಇಲ್ಲ ಅನುಭವದಿಂದ ಮಾತ್ರ ಬರೋದಾ?

(ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ)

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ನೀರಿನ ಸರದಿಗೆ ಜಗಳ ಅಂತ ವರದಿಯಲ್ಲಿ ಬರೆದೆವು' ಅಂದಿದ್ದೀರಿ. 'ನೀರಿಗೆ ಜಗಳ ಆಯಿತು' ಅನ್ನಲಿಲ್ಲ. ಆ ವರದಿಯನ್ನು ನೀವೇ ಪೂರ್ತಿ ನಂಬಿಲ್ಲ, ಅಲ್ವಾ? ಆ ಅನುಮಾನವನ್ನೇ ಹಿಡಿದುಕೊಂಡು ತರಬೇತಿ ಶುರು ಮಾಡಿ.

ನಾನು 30 ವರ್ಷಕ್ಕೂ ಜಾಸ್ತಿ ಜೈಲುಗಳಲ್ಲಿ ಕೆಲಸ ಮಾಡಿದವನು. ನಿವೃತ್ತಿ ಆದ ಮೇಲೆ ಕಲಬುರಗಿಯಲ್ಲಿದ್ದೇನೆ. ಕರೆದರೆ ಹೋಗಿ ಹೊಸಬರ ಜೊತೆ ಕೂತು ಮಾತಾಡುತ್ತೇನೆ. ನೀವು ಕೇಳಿದ್ದನ್ನೇ ಬಹಳ ಜನ ಕೇಳಿದ್ದಾರೆ. ಬಂಧಿಗಳ ಹತ್ತಿರ ಹೋದರೆ ಸಿಕ್ಕಿ ಬೀಳುವ ಭಯ, ದೂರ ನಿಂತರೆ ಏನೂ ಗೊತ್ತಾಗದ ಭಯ. ನಡುವೆ ಕಾಕಾ. ಅವನ ಕೈಗೆ ಬಿಟ್ಟರೆ ಅವತ್ತಿನ ಡ್ಯೂಟಿ ಹೇಗೋ ಮುಗಿಯುತ್ತದೆ.

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ. ಇದು ಕಲಿಸಿದರೆ ಬರುತ್ತದೆ. ಸುಮ್ನೆ ವರ್ಷ ಕಳೆದರೆ ಬರುವುದಿಲ್ಲ. 20 ವರ್ಷ ಸರ್ವಿಸ್ ಆದರೂ ತನ್ನ ಬ್ಯಾರಕ್‌ನಲ್ಲಿ ಯಾರು ಯಾರ ಪಕ್ಕ ಮಲಗುತ್ತಾರೆ ಅಂತ ಹೇಳಲಾಗದವರನ್ನು ನೋಡಿದ್ದೇನೆ. ಎರಡು ವರ್ಷದಲ್ಲೇ ಒಂದು ಸುತ್ತು ಹಾಕಿ ಬಂದು, 'ಇವತ್ತು ಮೂರನೇ ಬ್ಯಾರಕ್ ಸರಿ ಇಲ್ಲ ಸರ್' ಅಂದ ಹುಡುಗರನ್ನೂ ನೋಡಿದ್ದೇನೆ. ಈ ಹುಡುಗರಿಗೆ ಯಾರೋ ಒಬ್ಬರು ಏನು ನೋಡಬೇಕು ಅಂತ ಹೇಳಿಕೊಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಹಾಗಾದರೆ ಏನು ನೋಡಬೇಕು? ನನ್ನ ಉತ್ತರ ಇದು: ಯಾರು ಕೆಟ್ಟವರು ಅಂತ ಹುಡುಕುವ ಮೊದಲು, ಅಲ್ಲಿ ಯಾವುದು ಸಾಲುತ್ತಿಲ್ಲ ಅಂತ ನೋಡಬೇಕು. ಸಾಲದ ವಸ್ತು ಯಾರ ಕೈಯಲ್ಲಿದೆಯೋ ಅವನ ಮಾತು ನಡೆಯುತ್ತದೆ.

ಕಲಬುರಗಿಯ ಬೇಸಿಗೆಯನ್ನೇ ತಗೊಳ್ಳಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾರಕ್‌ನಲ್ಲಿ ಫ್ಯಾನ್ ಕೆಳಗಿನ ಜಾಗ ಕೆಲವೇ. ಕಿಟಕಿ ಪಕ್ಕದ ಜಾಗ ಇನ್ನೂ ಕಡಿಮೆ. ಪಾಯಖಾನೆ ಪಕ್ಕದ ಜಾಗ ಯಾರಿಗೂ ಬೇಡ. ಈ ಜಾಗಗಳನ್ನು ಯಾರಿಗೆ ಕೊಡಬೇಕು ಅಂತ ನಮ್ಮ ಯಾವ ರಿಜಿಸ್ಟರ್‌ನಲ್ಲೂ ಬರೆದಿರುವುದಿಲ್ಲ. ಹಾಗಿದ್ದರೂ ಪ್ರತಿ ರಾತ್ರಿ ಎಲ್ಲರೂ ತಂತಮ್ಮ ಜಾಗದಲ್ಲೇ ಮಲಗುತ್ತಾರೆ. ಯಾರೋ ಹಂಚಿದ್ದಾರೆ. ನೀರೂ ಅಷ್ಟೇ. ನಲ್ಲಿ ಬರುವುದು ಇಷ್ಟು ಹೊತ್ತು ಅಂತಿದ್ದರೆ ಮೊದಲ ಬಕೆಟ್ ಯಾರದು, ಕೊನೆಯದು ಯಾರದು? ಮನೆಗೆ ಫೋನ್ ಮಾಡುವ ಸರದಿ, ಕ್ಯಾಂಟೀನಿನ ಸಾಮಾನು, ಬೀಡಿ, ಕೋರ್ಟಿಗೆ ಅರ್ಜಿ ಬರೆದುಕೊಡುವವನ ಪೆನ್ನು, ರಾತ್ರಿ ನಿನ್ನನ್ನು ಯಾರೂ ಮುಟ್ಟುವುದಿಲ್ಲ ಅನ್ನುವ ಭರವಸೆ. ಇವೆಲ್ಲ ಒಳಗಿನ ರೊಕ್ಕ. ನಾವು ಸರಿಯಾಗಿ ಹಂಚದ ಪ್ರತಿಯೊಂದನ್ನೂ ಒಳಗೆ ಒಬ್ಬ ಹಂಚುತ್ತಾನೆ. ಹಂಚಿದ್ದಕ್ಕೆ ಬೆಲೆ ತಗೊಳ್ಳುತ್ತಾನೆ.

ಇದು ನಾನು ಕಂಡುಹಿಡಿದದ್ದಲ್ಲ. ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಜೈಲನ್ನು ಹತ್ತಿರದಿಂದ ನೋಡಿದ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1958ರಲ್ಲೇ ಇದನ್ನು ಹೇಳಿದ್ದರು. ಒಳಗೆ ಬಂದವನು ಐದು ಕಳೆದುಕೊಳ್ಳುತ್ತಾನೆ: ಹೊರಗಿನ ಓಡಾಟ, ಬೇಕಾದ ವಸ್ತು, ಸಂಗಾತಿ, ಸ್ವಂತ ತೀರ್ಮಾನ, ಸುರಕ್ಷತೆ. ಬಂಧಿಗಳು ಕಟ್ಟಿಕೊಳ್ಳುವ ಲೋಕ ಈ ನೋವುಗಳನ್ನು ತಡೆದುಕೊಳ್ಳಲು ಹುಟ್ಟಿದ್ದು ಅಂದರು. ಇನ್ನೊಂದು ಮಾತನ್ನೂ ಹೇಳಿದರು, ಅದು ನಮ್ಮ ಬಗ್ಗೆ. ಹೊರಗಿನಿಂದ ನೋಡಿದರೆ ಸಿಬ್ಬಂದಿಯ ಕೈಯಲ್ಲೇ ಎಲ್ಲ ಅಧಿಕಾರ ಇದ್ದಂತೆ ಕಾಣುತ್ತದೆ. ಆದರೆ ಎದ್ದೇಳಿಸುವುದು, ಸಾಲಿನಲ್ಲಿ ನಿಲ್ಲಿಸುವುದು, ಗುಡಿಸುವುದು, ಅಡುಗೆ, ಯಾವುದೂ ಬಂಧಿಗಳು ಒಪ್ಪದೆ ದಿನಾ ನಡೆಯುವುದಿಲ್ಲ. ಲಾಠಿಯಿಂದ ಒಂದು ದಿನ ನಡೆಸಬಹುದು, 365 ದಿನ ಆಗುವುದಿಲ್ಲ. ಅದಕ್ಕೆ ಸಿಬ್ಬಂದಿ ಒಳಗೊಳಗೇ ರಾಜಿ ಮಾಡಿಕೊಳ್ಳುತ್ತಾರೆ. 'ನೀ ನನಗ ಗಲಾಟೆ ಮಾಡಬ್ಯಾಡ, ನಾ ಆ ಕಡೆ ನೋಡಂಗಿಲ್ಲ.' ನಿಮ್ಮ ಕಾಕಾ ಇಂಥ ರಾಜಿಯಿಂದಲೇ ಬೆಳೆದವನು.

ನಮ್ಮ ದೇಶದ ಲೆಕ್ಕ ನೋಡಿದರೆ ಕಾಕಾ ಯಾಕೆ ಹುಟ್ಟುತ್ತಾನೆ ಅನ್ನುವುದು ಇನ್ನೂ ಸ್ಪಷ್ಟ ಆಗುತ್ತದೆ. 2022ರ ರಾಷ್ಟ್ರೀಯ ಅಂಕಿಅಂಶದಲ್ಲಿ ಭಾರತದ ಜೈಲುಗಳಲ್ಲಿ 5,73,220 ಜನ ಇದ್ದರು. 100 ಜನರ ಜಾಗದಲ್ಲಿ 131 ಜನ. ಅವರಲ್ಲಿ ಶೇ. 75.8 ವಿಚಾರಣಾಧೀನರು. ವಿಚಾರಣಾಧೀನರ ಬ್ಯಾರಕ್ ಅಂದರೆ ಬಸ್ ಸ್ಟ್ಯಾಂಡ್ ಇದ್ದಹಾಗೆ. ಬರುತ್ತಾರೆ, ಜಾಮೀನಾಗಿ ಹೋಗುತ್ತಾರೆ. ಅಲ್ಲಿ ಆರು ವರ್ಷ ಕೂತವನಿಗೆ ಎಲ್ಲ ಗೊತ್ತು. ಯಾವ ಸಾಹೇಬರು ಹೇಗೆ, ಯಾವ ದಿನ ತಪಾಸಣೆ, ಯಾವ ವಕೀಲರು ಹೇಗೆ. ಮೊದಲ ರಾತ್ರಿ ಅಳುತ್ತಾ ಕೂತ ಹುಡುಗನಿಗೆ 'ಉಂಡೇನಪಾ?' ಅಂತ ಕೇಳುವವನೂ ಅವನೇ. ಅದಕ್ಕೇ ಕಾಕಾನನ್ನು ಬರೀ ಗೂಂಡಾ ಅಂತ ಹೊಸಬರಿಗೆ ಹೇಳಬೇಡಿ. ಅವನು ನಿಜವಾಗಿಯೂ ಒಂದು ಕೆಲಸ ಮಾಡುತ್ತಿದ್ದಾನೆ. ಅದು ನಮ್ಮ ಕೆಲಸ.

ಸಿಬ್ಬಂದಿ ಕೊರತೆಯೂ ಇದಕ್ಕೆ ಸೇರುತ್ತದೆ. 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂಧಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕು ಅನ್ನುತ್ತದೆ. ರಾತ್ರಿ ಡ್ಯೂಟಿ ಮಾಡಿದ ಯಾರನ್ನಾದರೂ ಕೇಳಿ, ಸರಳಿನಾಚೆ ಎಷ್ಟು ಜನ ಇದ್ದರು, ಈಚೆ ಎಷ್ಟು ಜನ ಅಂತ. ಒಂಟಿಯಾಗಿ ನಿಂತ ಹುಡುಗ ಕಾಕಾನನ್ನು ನೆಚ್ಚಿಕೊಂಡರೆ ಅವನನ್ನು ಬೈದು ಪ್ರಯೋಜನ ಇಲ್ಲ.

ಬ್ಯಾರಕ್ ಒಳಗಿನ ಈ ಲೋಕದ ಇನ್ನೊಂದು ಅರ್ಧ ಹೊರಗಿನಿಂದ ಬರುತ್ತದೆ. ಬಂಧಿ ಗೇಟಿನಲ್ಲಿ ಬೆಲ್ಟು, ಮೊಬೈಲು ಕೊಟ್ಟು ಬರುತ್ತಾನೆ. ಊರು, ಜಾತಿ, ಭಾಷೆ, ಹಳೆಯ ದ್ವೇಷ ಕೊಟ್ಟು ಬರುವುದಿಲ್ಲ. ಈ ಮಾತನ್ನು 1962ರಲ್ಲಿ ಒತ್ತಿ ಹೇಳಿದವರು ಜಾನ್ ಇರ್ವಿನ್ ಮತ್ತು ಡೊನಾಲ್ಡ್ ಕ್ರೆಸ್ಸಿ. ಇರ್ವಿನ್ ಸ್ವತಃ ಜೈಲು ಶಿಕ್ಷೆ ಅನುಭವಿಸಿ, ಆಮೇಲೆ ಓದಿ ಸಮಾಜಶಾಸ್ತ್ರಜ್ಞರಾದವರು. ಒಳಗಿನಿಂದ ನೋಡಿದವರ ಮಾತು ಅದು.

ನಮ್ಮ ಕಡೆ ಇದು ಹೇಗೆ ಕಾಣುತ್ತದೆ ಅಂತ ನಿಮಗೇ ಗೊತ್ತು. ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ ಅಂತ ತಾಲೂಕಿನ ಲೆಕ್ಕದಲ್ಲಿ ಊಟಕ್ಕೆ ಕೂರುತ್ತಾರೆ. ಒಬ್ಬರು ಕನ್ನಡ, ಒಬ್ಬರು ದಖನಿ ಉರ್ದು, ಗಡಿ ಕಡೆಯವರು ತೆಲುಗು, ಮರಾಠಿ, ತಾಂಡಾದಿಂದ ಬಂದವರು ಲಂಬಾಣಿ. ವೀಕ್ಷಕನಿಗೆ ಇವುಗಳಲ್ಲಿ ಒಂದೇ ಭಾಷೆ ಬಂದರೆ ಅರ್ಧ ಬ್ಯಾರಕ್‌ನ ಮಟ್ಟಿಗೆ ಅವನು ಕಿವುಡ. ಗ್ರಾಮ ಪಂಚಾಯಿತಿ ಚುನಾವಣೆ ಬಂದರೆ ಊರಿನ ಎರಡು ಪಾರ್ಟಿಯ ಜಗಳ ಸಂದರ್ಶನದ (ಮನೆಯವರ ಭೇಟಿಯ) ಕಿಟಕಿಯಿಂದ ಒಳಗೆ ಬರುತ್ತದೆ. ಹೊಲದ ಬದುವಿನ ಕೇಸಿನಲ್ಲಿ ಹೊಡೆದಾಡಿ ಬಂದ ಎರಡೂ ಕಡೆಯವರನ್ನು ಒಂದೇ ಬ್ಯಾರಕ್‌ಗೆ ಹಾಕಿದ ಉದಾಹರಣೆ ನನ್ನ ಕಣ್ಣೆದುರೇ ಇದೆ. ಹೆಸರು ಬರೆದುಕೊಂಡವರು ಊರು ಕೇಳಿದ್ದರು, ಕೇಸಿನಲ್ಲಿ ಎದುರಾಳಿ ಯಾರು ಅಂತ ಕೇಳಿರಲಿಲ್ಲ.

ಜಾತಿಯ ವಿಷಯವನ್ನು ಹೊಸಬರಿಗೆ ಮುಚ್ಚಿಟ್ಟು ಹೇಳಬೇಡಿ. 2024ರ ಅಕ್ಟೋಬರ್ 3ರಂದು ಪತ್ರಕರ್ತೆ ಸುಕನ್ಯಾ ಶಾಂತಾ ಹಾಕಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವುದನ್ನು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಗುಡಿಸುವ ಕೆಲಸ ಒಬ್ಬರಿಗೇ, ಅಡುಗೆ ಇನ್ನೊಬ್ಬರಿಗೇ ಅನ್ನುವ ನಿಯಮಗಳು ಕೆಲವು ರಾಜ್ಯಗಳ ಕೈಪಿಡಿಯಲ್ಲಿ ಅಚ್ಚಾಗಿಯೇ ಇದ್ದವು. ಬಂಧಿಗಳ ರಿಜಿಸ್ಟರ್‌ನಿಂದ ಜಾತಿಯ ಕಾಲಂ ತೆಗೆಯಿರಿ ಅಂತಲೂ ಕೋರ್ಟ್ ಹೇಳಿತು. ಕಾಗದದಿಂದ ತೆಗೆಯುವುದು ಸುಲಭ. ಪಾಯಖಾನೆ ತೊಳೆಯುವ ಸರದಿ ನಿಜವಾಗಿ ಯಾರಿಗೆ ಬೀಳುತ್ತಿದೆ ಅನ್ನುವುದನ್ನು ವೀಕ್ಷಕನೇ ಕಣ್ಣಿಟ್ಟು ನೋಡಬೇಕು. ಸರದಿ ಹಾಕುವವನು ಕಾಕಾ ಆಗಿದ್ದರೆ ಆ ತೀರ್ಪು ನಿಮ್ಮ ಗೇಟಿನ ಹೊರಗೇ ನಿಂತಿದೆ ಅಂತ ಅರ್ಥ. ಕೆಲವು ಬುಡಕಟ್ಟು, ಅಲೆಮಾರಿ ಜನರನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದ 1871ರ ಬ್ರಿಟಿಷ್ ಕಾನೂನು 1952ರಲ್ಲೇ ಹೋಯಿತು. 'ಅವರ ರಕ್ತದಾಗೇ ಅದ' ಅನ್ನುವ ಮಾತು ನಮ್ಮ ಸಿಬ್ಬಂದಿ ಕೋಣೆಯಿಂದ ಇನ್ನೂ ಹೋಗಿಲ್ಲ. ತರಬೇತಿಯಲ್ಲಿ ಈ ಮಾತು ಬಂದೇ ಬರುತ್ತದೆ. ಬಂದಾಗ ತಪ್ಪಿಸಿಕೊಳ್ಳಬೇಡಿ, ಅಲ್ಲೇ ನಿಲ್ಲಿಸಿ ಮಾತಾಡಿ.

ಹೊಸಬರು ತಲೆಯಲ್ಲಿ ತುಂಬಿಕೊಂಡು ಬರುವ ಇನ್ನೂ ಕೆಲವು ತಪ್ಪು ನಂಬಿಕೆಗಳಿವೆ. ಎಲ್ಲಕ್ಕಿಂತ ಅಪಾಯದ್ದು, ಗದ್ದಲ ಇಲ್ಲದ ಬ್ಯಾರಕ್ ಒಳ್ಳೆಯ ಬ್ಯಾರಕ್ ಅನ್ನುವುದು. ನೆಮ್ಮದಿಯ ಮೌನ ಬೇರೆ, ಭಯದ ಮೌನ ಬೇರೆ. ನೆಮ್ಮದಿ ಇದ್ದಲ್ಲಿ ಜನ ನಗುತ್ತಾರೆ, ಸಣ್ಣಪುಟ್ಟ ದೂರು ಹೇಳುತ್ತಾರೆ, ರೊಟ್ಟಿ ಗಟ್ಟಿ ಆಯಿತು ಅಂತ ಬೈಯುತ್ತಾರೆ. ಒಂದು ಬ್ಯಾರಕ್‌ನಿಂದ ತಿಂಗಳುಗಟ್ಟಲೆ ಒಂದು ದೂರೂ ಬರಲಿಲ್ಲ ಅಂದರೆ ನನಗೆ ಹೆದರಿಕೆ ಆಗುತ್ತದೆ. ದೂರು ಕೇಳುವವನು ಬೇರೆ ಯಾರೋ ಒಳಗೇ ಇದ್ದಾನೆ ಅಂತ.

ಎರಡನೆಯದು, ಯೂಟ್ಯೂಬ್ ನೋಡಿ ಬಂದ ಹುಡುಗರು ಹೇಳುವುದು. 1971ರ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಕಲಿ ಜೈಲಿನ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಕಾವಲುಗಾರರ ಯೂನಿಫಾರ್ಮ್ ಹಾಕಿಸಿದ ಕೂಡಲೇ ಕ್ರೂರಿಗಳಾದರು, ಹಾಗಾಗಿ ಜೈಲು ಯಾರನ್ನಾದರೂ ಕೆಡಿಸುತ್ತದೆ, ನಮ್ಮ ಕೈಯಲ್ಲಿ ಏನಿಲ್ಲ ಅಂತ. ಆ ಪ್ರಯೋಗ ಎರಡು ವಾರ ನಡೆಯಬೇಕಿತ್ತು, ಆರು ದಿನಕ್ಕೆ ನಿಂತಿತು. ಅದು ನಿಜ. ಆದರೆ ಆ ಕಾವಲುಗಾರರಿಗೆ ಇನ್ನೂ ಬಿಗಿಯಾಗಿರಿ ಅಂತ ಪ್ರಯೋಗ ಮಾಡಿದವರೇ ಹೇಳಿಕೊಟ್ಟಿದ್ದು ಆಮೇಲೆ ದಾಖಲೆಗಳಿಂದ ಹೊರಬಂತು. ನಾನು ಅದರಿಂದ ಬೇರೆಯೇ ಪಾಠ ಕಲಿಯುತ್ತೇನೆ. ಬಟ್ಟೆ ಮನುಷ್ಯನನ್ನು ಕೆಡಿಸಲಿಲ್ಲ. ಮೇಲಿನವರು ಏನು ಬಯಸುತ್ತಾರೆ ಅಂತ ತಿಳಿದುಕೊಂಡು ಆ ಹುಡುಗರು ಹಾಗೆ ನಡೆದರು. ನೀವು ತರಬೇತಿಯಲ್ಲಿ ಏನು ಬಯಸುತ್ತೀರಿ ಅನ್ನುವುದು ಅಷ್ಟು ಮುಖ್ಯ.

ಇನ್ನು 'ಮಾತೇ ಆಡಬೇಡಿ' ಅನ್ನುವ ಸಲಹೆ. ಅದರಲ್ಲಿ ಒಂದು ಕಾಳು ಸತ್ಯ ಇದೆ. ಸಿಕ್ಕಿ ಬೀಳುವುದು ನಿಜ. ಹೇಗೆ ಅಂತ ನೋಡಿ. ಹೊಸ ವೀಕ್ಷಕನ ಊರು ಶಹಾಪುರ ಕಡೆ ಅಂತ ಎರಡೇ ದಿನದಲ್ಲಿ ಒಳಗೆ ಗೊತ್ತಾಗುತ್ತದೆ. 'ತಮ್ಮಾ, ನಾ ನಿಮ್ಮ ಸೋದರಮಾವನ ಊರಾವ' ಅಂತ ಒಬ್ಬ ಶುರು ಮಾಡುತ್ತಾನೆ. ಒಂದು ವಾರ ಬರೀ ಕ್ಷೇಮ ಸಮಾಚಾರ. ಆಮೇಲೆ 'ಮನಿಗಿ ಒಂದ್ ಸುದ್ದಿ ಮುಟ್ಟಸಪಾ, ತಾಯಿಗಿ ಆರಾಮಿಲ್ಲ.' ಮುಟ್ಟಿಸುತ್ತಾನೆ. ನಿಯಮ ಮುರಿದದ್ದು ಅಷ್ಟೇ ಸಣ್ಣದು. ಮೂರನೇ ವಾರ ಬೇರೊಬ್ಬ ಬಂದು ದೊಡ್ಡದನ್ನು ಕೇಳುತ್ತಾನೆ, 'ಇಲ್ಲಾಂದ್ರ ಸಾಹೇಬ್ರಿಗಿ ಹಿಂದಿಂದು ಹೇಳಬೇಕಾಗ್ತದ ನೋಡ್ರಿ' ಅಂತಾನೆ. ಇಲ್ಲಿ ಹುಡುಗನನ್ನು ಕೆಡಿಸಿದ್ದು ಮಾತಲ್ಲ. ಮೊದಲ ಸಣ್ಣ ತಪ್ಪನ್ನು ಅವತ್ತೇ ಹಿರಿಯರಿಗೆ ಹೇಳಲು ಅವನಿಗೆ ದಾರಿ ಇರಲಿಲ್ಲ. ಹೇಳಿದರೆ ಮೆಮೊ ಸಿಗುತ್ತದೆ ಅಂತ ಹೆದರಿದ. ನಿಮ್ಮ ಜೈಲಿನಲ್ಲಿ ಹೊಸ ಹುಡುಗ ಬಂದು 'ಸರ್, ಒಂದು ತಪ್ಪು ಮಾಡಿದೆ' ಅಂದರೆ ಏನಾಗುತ್ತದೆ? ಇದನ್ನು ಮೇಲಧಿಕಾರಿಗಳ ಜೊತೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಆ ಬಾಗಿಲು ತೆರೆದಿರದಿದ್ದರೆ ಎರಡು ದಿನದ ಪಾಠ ವ್ಯರ್ಥ.

ಮಾತಾಡದ ವೀಕ್ಷಕನಿಗೆ ಆಗುವ ನಷ್ಟ ಇನ್ನೂ ದೊಡ್ಡದು. ಒಂದು ಸಂಜೆ ಲಾಕಪ್ ಹೊತ್ತಿಗೆ, ಅಂದರೆ ಬ್ಯಾರಕ್‌ಗೆ ಬೀಗ ಹಾಕುವಾಗ, ಒಬ್ಬ ನನ್ನನ್ನು ಕೇಳಿದ. 'ಸಾಹೇಬ್ರ, ಇವತ್ತ ರಾತ್ರಿ ಡ್ಯೂಟಿ ನಿಮ್ದೇ ಏನ್ರಿ?' ಅಷ್ಟೇ. ಅವನು ಯಾವತ್ತೂ ಹಾಗೆ ಕೇಳುವವನಲ್ಲ. ದಿನಾ ಎರಡು ಮಾತು ಆಡುತ್ತಿದ್ದೆ, ಅದಕ್ಕೇ ನನಗೆ ವ್ಯತ್ಯಾಸ ಗೊತ್ತಾಯಿತು. ಒಳಗೆ ನೋಡಿದರೆ ಇಬ್ಬರು ಚಪ್ಪಲಿ ಹಾಕಿಕೊಂಡೇ ಹಾಸಿಗೆ ಮೇಲೆ ಕೂತಿದ್ದರು. ಆ ದಿನ ಮೂವರು ಆಸ್ಪತ್ರೆಗೆ ಹೋಗಬೇಕು ಅಂತ ಕೇಳಿಕೊಂಡಿದ್ದರು, ಮೂವರದೂ ಹೊಟ್ಟೆನೋವು. ಬ್ಯಾರಕ್ ಅನ್ನು ಎರಡಾಗಿ ಮಾಡಿದೆವು. ತಪಾಸಣೆಯಲ್ಲಿ ಚೂಪು ಮಾಡಿದ ಎರಡು ಚಮಚ ಸಿಕ್ಕವು. ಸರಳಿನ ಈಚೆ ಸುಮ್ಮನೆ ಎಣಿಕೆ ಮಾಡಿ ಹೋಗಿದ್ದರೆ ಆ ರಾತ್ರಿ ಏನಾಗುತ್ತಿತ್ತೋ. ಹೀಗೆ ಜನರನ್ನು ತಿಳಿದುಕೊಂಡೇ ಭದ್ರತೆ ಕಾಯುವುದನ್ನು ಸಿಬ್ಬಂದಿಗೆ ಕಲಿಸಬೇಕು ಅಂತ ವಿಶ್ವಸಂಸ್ಥೆಯ 2015ರ ನೆಲ್ಸನ್ ಮಂಡೇಲಾ ನಿಯಮಗಳ 76ನೇ ನಿಯಮವೇ ಹೇಳುತ್ತದೆ. ನಾರ್ವೆಯಲ್ಲಿ ಜೈಲು ಸಿಬ್ಬಂದಿಗೆ ಎರಡು ವರ್ಷ ತರಬೇತಿ. ನಮ್ಮ ಕೈಯಲ್ಲಿರುವುದು ಎರಡು ದಿನ. ಇರಲಿ, ಅದರಲ್ಲೇ ಮಾಡೋಣ.

ಈಗ ಕಾಕಾನ ವಿಷಯ. ನಿಮ್ಮ ಮುಂದೆ ಮೂರು ದಾರಿ ಇವೆ.

ಇದ್ದಂತೆಯೇ ಬಿಡುವುದು ಮೊದಲ ದಾರಿ. ಎಣಿಕೆ ಬೇಗ ಮುಗಿಯುತ್ತದೆ, ಗಲಾಟೆ ಕಡಿಮೆ. ಬೆಲೆ ಕೊಡುವವನು ಹೊಸ ಹುಡುಗ. ಮೊದಲ ವಾರದಲ್ಲೇ ಅವನು ಸಾಲಗಾರ ಆಗುತ್ತಾನೆ. ಸಂದರ್ಶನಕ್ಕೆ ಬಂದ ತಾಯಿಯ ಹತ್ತಿರ ರೊಕ್ಕ ಕೇಳುತ್ತಾನೆ. ಆ ತಾಯಿ ತೊಗರಿ ಮಾರಿ ತಂದದ್ದು ಯಾರ ಜೇಬಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ. ಒಂದು ಬಂಧಿಗೆ ಇನ್ನೊಂದು ಬಂಧಿಯ ಮೇಲೆ ಶಿಸ್ತಿನ ಅಧಿಕಾರ ಕೊಡಬಾರದು ಅಂತ ಮಂಡೇಲಾ ನಿಯಮಗಳ 40ನೇ ನಿಯಮ ಹೇಳುತ್ತದೆ. ನಮ್ಮ 1894ರ ಕಾನೂನಿನಲ್ಲಿ ಸಜಾ ಬಂಧಿಗಳನ್ನೇ ಅಧಿಕಾರಿಗಳಾಗಿ ನೇಮಿಸುವ ಪದ್ಧತಿ ಇತ್ತು. 'ಕಾಕಾಗ ಹೇಳಿಬಿಡ್ರಿ' ಅನ್ನುವ ಅಭ್ಯಾಸ ಅಷ್ಟು ಹಳೆಯದು.

ಎರಡನೆಯದು, ಬೇರೆ ಜೈಲಿಗೆ ಕಳಿಸುವುದು. ನಾನು ಇದನ್ನು ಮಾಡಿ ನೋಡಿದವನು. ಸೇವೆಯ ಆರಂಭದ ವರ್ಷಗಳು. ಆ ಬ್ಯಾರಕ್‌ನ ಹಿರಿಯನನ್ನು ಎಲ್ಲರೂ ಮಾಸ್ತರ್ ಅನ್ನುತ್ತಿದ್ದರು. ಎಲ್ಲರ ಅರ್ಜಿಯನ್ನೂ ಅವನೇ ಬರೆಯುತ್ತಿದ್ದ. ಅದಕ್ಕೆ ಬೀಡಿ ಕಟ್ಟು, ಸೋಪು ತಗೊಳ್ಳುತ್ತಿದ್ದ. ಇದು ಸರಿ ಇಲ್ಲ ಅಂತ ವರದಿ ಬರೆದು ಅವನನ್ನು ಕಳಿಸಿದೆ. ಮೂರು ವಾರ ಆಗಿರಲಿಲ್ಲ. ಅವನು ದೂರ ದೂರ ಮಲಗಿಸುತ್ತಿದ್ದ ಇಬ್ಬರ ನಡುವೆ ಕಿಟಕಿ ಪಕ್ಕದ ಜಾಗಕ್ಕೆ ಹೊಡೆದಾಟ ಆಯಿತು. ಬಿಡಿಸಲು ಹೋದ ಮೂರನೆಯವನ ಕೈ ಮುರಿಯಿತು. ಇನ್ನೊಬ್ಬನ ಜಾಮೀನು ಅರ್ಜಿ ಯಾರೂ ಬರೆಯದೆ ಹಾಗೇ ಉಳಿದಿತ್ತು. ಆ ಮುರಿದ ಕೈಗೆ ನನ್ನ ಪಾಲೂ ಇದೆ. ಒಬ್ಬನನ್ನು ತೆಗೆದೆ. ಅವನು ಮಾಡುತ್ತಿದ್ದ ಕೆಲಸವನ್ನು ಯಾರು ಮಾಡಬೇಕು ಅಂತ ಯೋಚನೆ ಮಾಡಿರಲಿಲ್ಲ.

ಹಾಗಂತ ಯಾವತ್ತೂ ಕಳಿಸಬಾರದು ಅಂತಲ್ಲ. ಹೊಡೆತ, ಲೈಂಗಿಕ ದೌರ್ಜನ್ಯ, ಗಾಂಜಾ, ಸುಲಿಗೆ ಇದ್ದರೆ ಕಾಯಬೇಡಿ. ತಕ್ಷಣ ಬೇರೆ ಮಾಡಿ, ದೂರು ದಾಖಲಿಸಿ. ವಿಚಾರಣೆಯಲ್ಲಿ ಇರುವವನಾದರೆ ಕೋರ್ಟಿನ ಒಪ್ಪಿಗೆಯ ವಿಷಯ ಬರುತ್ತದೆ, ಅವನ ಮನೆಯವರ ಸಂದರ್ಶನ ದೂರ ಆಗುತ್ತದೆ. ಅದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಏಳು ಹೊಲಿಗೆಯ ಹಿಂದೆ ಕಾಕಾನ ಕೈ ಇದೆಯಾ ಇಲ್ಲವಾ ಅನ್ನುವುದು ನಿಮಗೆ ಇನ್ನೂ ಗೊತ್ತಿಲ್ಲ. ಅದನ್ನು ತಿಳಿದುಕೊಂಡೇ ತೀರ್ಮಾನ ಮಾಡಿ.

ಮೂರನೆಯದು ನಿಧಾನದ ದಾರಿ, ನಾನು ಮೆಚ್ಚುವ ದಾರಿ. ಅವನ ಕೈಯಲ್ಲಿರುವುದನ್ನು ಒಂದೊಂದಾಗಿ ನೀವು ವಾಪಸ್ ತಗೊಳ್ಳುವುದು. ಮಲಗುವ ಜಾಗದ ಪಟ್ಟಿ ಕಚೇರಿಯಿಂದ ಬರಲಿ, ತಿಂಗಳಿಗೊಮ್ಮೆ ಬದಲಾಗಲಿ, ವಯಸ್ಸಾದವರಿಗೆ, ಕಾಯಿಲೆಯವರಿಗೆ ಮೊದಲ ಆಯ್ಕೆ. ನೀರಿನ ಸರದಿ ಗೋಡೆ ಮೇಲೆ ಬರೆದಿರಲಿ, ನಲ್ಲಿ ಬಿಡುವಾಗ ಒಬ್ಬ ವೀಕ್ಷಕ ಅಲ್ಲಿರಲಿ. ಫೋನಿನ ಸರದಿಯೂ ಹಾಗೆಯೇ. ಅರ್ಜಿ ಬರೆಯಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ನಿಗದಿ ದಿನ ಬರಲಿ. ಕಾನೂನಿನ ಮಾಹಿತಿ ಒಳಗೆ ಬೀಡಿಗಿಂತ ದುಬಾರಿ. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ನೋಡಿ. ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆ ಆಗಿರದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಬೇರೆಯವರಿಗೆ ಅರ್ಧ. ಮರಣದಂಡನೆ, ಜೀವಾವಧಿಯ ಆರೋಪ ಇರುವವರಿಗೆ, ಒಂದಕ್ಕಿಂತ ಜಾಸ್ತಿ ಪ್ರಕರಣ ಬಾಕಿ ಇರುವವರಿಗೆ ಇದು ಇಲ್ಲ. ಅವಧಿ ಮುಗಿದ ಕೂಡಲೇ ಕೋರ್ಟಿಗೆ ಬರೆಯಬೇಕಾದವರು ಜೈಲು ಅಧೀಕ್ಷಕರೇ. ನಾವು ಆ ಲೆಕ್ಕ ಇಡದಿದ್ದರೆ ಒಳಗೆ ಒಬ್ಬ ಅದನ್ನೇ ಮಾರುತ್ತಾನೆ.

ಈ ದಾರಿಗೂ ಅಪಾಯ ಇದೆ. ಕಾಕಾ ಸುಮ್ಮನಿರುವುದಿಲ್ಲ. ಮೊದಲ ತಿಂಗಳು ನಿಮ್ಮನ್ನು ಪರೀಕ್ಷೆ ಮಾಡುತ್ತಾನೆ. ಬೇಕಂತಲೇ ಒಂದು ಜಗಳ ಎಬ್ಬಿಸಿ, 'ನೋಡ್ರಿ, ನಾ ಇದ್ದಾಗ ಹಿಂಗ ಇತ್ತೇನ್ರಿ?' ಅನ್ನಿಸಬಹುದು. ಒಂದು ವಾರ ಪಟ್ಟಿ ಹಾಕಿ ಎರಡನೇ ವಾರ ಬಿಟ್ಟರೆ ಅವನು ಮೊದಲಿಗಿಂತ ಗಟ್ಟಿಯಾಗುತ್ತಾನೆ. ಹಿಡಿದರೆ ಬಿಡದೆ ಹಿಡಿಯುವ ಹಾಗಿದ್ದರೆ ಮಾತ್ರ ಶುರು ಮಾಡಿ. ಒಂದೇ ಒಂದು ವಿಷಯ, ನೀರು ಅಂತಿಟ್ಟುಕೊಳ್ಳಿ, ಅದರಿಂದ.

ಇದಕ್ಕಿಂತ ಕಷ್ಟದ ಅಡ್ಡಿ ನಮ್ಮ ಕಡೆಯಿಂದಲೇ ಬರುತ್ತದೆ. ಕಾಕಾನ ವ್ಯವಸ್ಥೆಯಲ್ಲಿ ನಮ್ಮವರದೂ ಪಾಲು ಇರಬಹುದು. 1970ರ ದಶಕದ ಕೊನೆಯಲ್ಲಿ ದೆಹಲಿಯ ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಅನ್ನುವ ಬಂಧಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗೆ ಒಂದು ಕಾಗದ ಬರೆದ. ತನ್ನ ಬಗ್ಗೆ ಅಲ್ಲ, ಇನ್ನೊಬ್ಬ ಬಂಧಿಯ ಬಗ್ಗೆ. ನೋಡಲು ಬಂದ ಮನೆಯವರಿಂದ ರೊಕ್ಕ ಕೀಳಲು ಮುಖ್ಯ ವಾರ್ಡರ್ ಅವನಿಗೆ ಚಿತ್ರಹಿಂಸೆ ಕೊಟ್ಟ ಅಂತ. ಕೋರ್ಟ್ ಆ ಕಾಗದವನ್ನೇ ಅರ್ಜಿ ಅಂತ ತಗೊಂಡಿತು. ಅದೇ ಸುನಿಲ್ ಬಾತ್ರಾ ಎರಡನೇ ತೀರ್ಪು. ಜೈಲಿನ ಗೋಡೆಯೊಳಗೂ ಮೂಲಭೂತ ಹಕ್ಕು ಇದೆ ಅಂತ ಹೇಳಿದ ಸಾಲಿನ ತೀರ್ಪು. ಹೊಸಬರಿಗೆ ಈ ಕಥೆ ಹೇಳಿ. ಬ್ಯಾರಕ್‌ನ ಸಂಬಂಧಗಳ ಚಿತ್ರ ಬರೆಯುವಾಗ ವೀಕ್ಷಕನನ್ನೂ ಅದರೊಳಗೆ ಬರೆಯಬೇಕು.

ಎರಡು ದಿನವನ್ನು ಹೇಗೆ ಕಳೆಯಬೇಕು ಅಂತ ನನ್ನ ಅಭಿಪ್ರಾಯ ಹೇಳುತ್ತೇನೆ. ಮೊದಲ ಬೆಳಿಗ್ಗೆ ಭಾಷಣ ಬೇಡ. ಪ್ರತಿಯೊಬ್ಬರಿಗೂ ಒಂದು ಬಿಳಿ ಹಾಳೆ ಕೊಡಿ. ಒಂದು ಬ್ಯಾರಕ್ ಬರೆಯಿರಿ, ಬಾಗಿಲು, ಕಿಟಕಿ, ಫ್ಯಾನ್, ನಲ್ಲಿ, ಪಾಯಖಾನೆ ಗುರುತು ಮಾಡಿ, ಯಾರು ಎಲ್ಲಿ ಮಲಗುತ್ತಾರೆ ಬರೆಯಿರಿ ಅನ್ನಿ. ಬಹಳ ಜನರಿಗೆ ಹತ್ತು ಹೆಸರೂ ಬರುವುದಿಲ್ಲ. ಆ ನಾಚಿಕೆಯೇ ಸಾಕು, ನೀವು ಏನೂ ಅನ್ನಬೇಕಿಲ್ಲ. ಆಮೇಲೆ ಕೇಳಿ: ಹೊಸದಾಗಿ ಬಂದವನು ಎಲ್ಲಿ ಮಲಗಿದ್ದಾನೆ? ಊಟವನ್ನು ಯಾರು ಒಬ್ಬರೇ ಕೂತು ಮಾಡುತ್ತಾರೆ? ಯಾರಿಗೆ ಮೂರು ತಿಂಗಳಿಂದ ಸಂದರ್ಶನವೇ ಬಂದಿಲ್ಲ? ಕ್ಯಾಂಟೀನಿನಿಂದ ತಗೊಂಡ ಸಾಮಾನು ಯಾರ ಹಾಸಿಗೆ ಕೆಳಗೆ ಸೇರುತ್ತದೆ?

ಒಬ್ಬನೇ ಇರುವವನ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡಿ. ಜೈಲಿಗೆ ಬಂದ ಮೊದಲ ಕೆಲವು ದಿನ ಆತ್ಮಹತ್ಯೆಯ ಅಪಾಯ ಜಾಸ್ತಿ. ಜಾಮೀನು ತಿರಸ್ಕಾರ ಆದ ದಿನ, ಶಿಕ್ಷೆ ಕೇಳಿ ಬಂದ ಸಂಜೆ, ಮನೆಯಲ್ಲಿ ಸಾವಾದ ಸುದ್ದಿ ಬಂದಾಗಲೂ ಅಷ್ಟೇ. ಆ ಹೊತ್ತಿಗೆ 'ಏನಾಯ್ತಪಾ ಕೋರ್ಟಿನಾಗ?' ಅಂತ ಒಬ್ಬ ವೀಕ್ಷಕ ಕೇಳಿದರೆ ಒಂದು ಜೀವ ಉಳಿಯಬಹುದು. ಇದಕ್ಕೆ ಯಾವ ಬಜೆಟ್ಟೂ ಬೇಡ.

ಮಧ್ಯಾಹ್ನ ಪಾತ್ರ ಹಾಕಿ ಆಡಿಸಿ. ಒಬ್ಬ 'ಸೋದರಮಾವನ ಊರಾವ', ಒಬ್ಬ ಹೊಸ ವೀಕ್ಷಕ. ಇಲ್ಲಿ ಒಂದು ಎಚ್ಚ‌ರಿಕೆ ಇದೆ. ಬಂಧಿಯ ಪಾತ್ರ ಹಾಕಿದವನನ್ನು ಎಲ್ಲರೂ ಸೇರಿ ಗೋಳು ಹುಯ್ಯುವ ಆಟ ಆಗಬಾರದು. ಹಾಗಾದ ಕ್ಷಣ ನಿಲ್ಲಿಸಿ, ಯಾಕೆ ಹಾಗಾಯಿತು ಅಂತ ಕೇಳಿ. ಎರಡನೇ ದಿನ, ಸಾಧ್ಯವಾದರೆ, ಶಿಕ್ಷೆ ಮುಗಿಸಿ ಹೊರಗೆ ಬದುಕು ಕಟ್ಟಿಕೊಂಡ ಒಬ್ಬರನ್ನು ಕರೆಯಿರಿ. ಮೊದಲ ರಾತ್ರಿ ಹೇಗಿತ್ತು ಅಂತ ಅವರು ಹೇಳಿದ್ದು ನನ್ನ ಹತ್ತು ಪಾಠಕ್ಕೆ ಸಮ. ಮೇಲಧಿಕಾರಿಗಳ ಒಪ್ಪಿಗೆ ತಗೊಳ್ಳಿ. ಅವರ ಹಳೆಯ ಕೇಸಿನ ವಿವರ ಯಾರೂ ಕೇಳಬಾರದು ಅಂತ ಮೊದಲೇ ಹೇಳಿ. ಗೊತ್ತಿರುವ ಸಿಬ್ಬಂದಿಯ ಹೆಸರು ಅವರ ಬಾಯಿಂದ ಬರದಂತೆಯೂ ನೋಡಿಕೊಳ್ಳಿ. ನಿಮಗೇ ಅವಕಾಶ ಸಿಕ್ಕರೆ ವೆಲ್ಲೂರಿನ ಕಾರಾಗೃಹ ಆಡಳಿತ ಅಕಾಡೆಮಿಗೆ ಹೋಗಿ ಬನ್ನಿ. ದಕ್ಷಿಣದ ರಾಜ್ಯಗಳ ಅಧಿಕಾರಿಗಳು ಒಟ್ಟಿಗೆ ಕೂತು ಮಾತಾಡುವುದೇ ದೊಡ್ಡ ಲಾಭ.

ಮಹಿಳಾ ವಿಭಾಗದ ವೀಕ್ಷಕಿಯರು ಬರುತ್ತಿದ್ದರೆ ಅವರಿಗೆ ಬೇರೆ ಹೊತ್ತು ಇಡಿ. ಅಲ್ಲಿ ಯಜಮಾನಿಕೆ ಬೇರೆ ರೀತಿ ಕಾಣುತ್ತದೆ. ಅವ್ವ, ಅಕ್ಕ, ಮಗಳು ಅಂತ ಮನೆಯ ಸಂಬಂಧ ಕಟ್ಟಿಕೊಳ್ಳುತ್ತಾರೆ. ತವರಿನವರೂ ಗಂಡನ ಮನೆಯವರೂ ಕೈಬಿಟ್ಟವರು ಜಾಸ್ತಿ. ಆರು ವರ್ಷದವರೆಗಿನ ಮಕ್ಕಳು ಜೊತೆಗೇ ಇರಬಹುದು. ಮಗುವಿನ ಹಾಲಿಗೆ ಯಾರ ಮುಂದೆ ಕೈಚಾಚಬೇಕಾಗಿದೆ ಅಂತ ನೋಡಿದರೆ ಅಲ್ಲಿಯ ಕಾಕಾ ಯಾರು ಅಂತ ಗೊತ್ತಾಗುತ್ತದೆ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಬ್ಯಾರಕ್ ತಿಳಿದುಕೊಳ್ಳುವುದು ಅಂದರೆ ಖಬರಿ ಕೊಡುವವರನ್ನು ಇಟ್ಟುಕೊಳ್ಳುವುದು ಅಂತ ಹೊಸಬರು ಅಂದುಕೊಳ್ಳುತ್ತಾರೆ. ಖಬರಿ ಕೊಡುವವನಿಗೆ ನೀವು ಏನೋ ಕೊಡಬೇಕಾಗುತ್ತದೆ. ಆಗ ಅವನೇ ಇನ್ನೊಬ್ಬ ಕಾಕಾ ಆಗುತ್ತಾನೆ. ಅವನು ಯಾರು ಅಂತ ಗೊತ್ತಾದರೆ ಅವನ ಜೀವಕ್ಕೂ ಅಪಾಯ. ಎಲ್ಲರ ಜೊತೆ, ಎಲ್ಲರೆದುರು, ದಿನಾ ಎರಡೆರಡು ಮಾತು ಆಡಿ. ಯಾರೂ ಯಾರ ಮೇಲೂ ಅನುಮಾನ ಪಡುವುದಿಲ್ಲ. ಬರೆದ ಆ ನಕ್ಷೆಯ ಹಾಳೆಗಳನ್ನೂ ತರಬೇತಿ ಮುಗಿದ ಮೇಲೆ ಹರಿದುಹಾಕಿ. ಅವು ಒಳಗೆ ಸಿಕ್ಕರೆ ಕಷ್ಟ.

ಕೊನೆಗೆ ಆ ಹುಡುಗ. ಅವನನ್ನು ಬೇರೆ ಬ್ಯಾರಕ್‌ಗೆ ಹಾಕಿದಿರಾ ಅಂತ ನೀವು ಬರೆದಿಲ್ಲ. ಹಾಕಿಲ್ಲದಿದ್ದರೆ ಮುಂದಿನ ತಿಂಗಳ ತರಬೇತಿಗೆ ಕಾಯಬೇಡಿ, ಇವತ್ತೇ ನೋಡಿ. ಅವನೊಬ್ಬನನ್ನೇ ಕಚೇರಿಗೆ ಕರೆಯಬೇಡಿ. ಆ ಬ್ಯಾರಕ್‌ನ ಐದಾರು ಜನರನ್ನು ಆರೋಗ್ಯ ತಪಾಸಣೆಗೆ ಅಂತ ಕರೆಸಿ, ಅವರಲ್ಲಿ ಅವನೂ ಇರಲಿ. ಯಾರು ಹೊಡೆದರು ಅಂತ ಮೊದಲೇ ಕೇಳಬೇಡಿ, ಅವನು ಹೇಳಲಾರ. ಎಲ್ಲಿ ಮಲಗುತ್ತೀ, ನೀರು ಎಷ್ಟು ಹೊತ್ತಿಗೆ ಸಿಗುತ್ತದೆ, ಮನೆಗೆ ಕೊನೆಯ ಸಲ ಯಾವಾಗ ಫೋನ್ ಮಾಡಿದೆ, ಯಾರಿಗಾದರೂ ಏನಾದರೂ ಕೊಡಬೇಕಾಗಿದೆಯಾ. ಇಷ್ಟು ಕೇಳಿ. ತರಬೇತಿಗೆ ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ಉದಾಹರಣೆ ಇರುವುದಿಲ್ಲ, ಹೆಸರು, ಊರು ಎರಡೂ ಬದಲಾಯಿಸಿ ಹೇಳಿ. ದಿನಾಂಕ ತಿಳಿಸಿದರೆ ಎರಡನೇ ದಿನ ನಾನೂ ಬರುತ್ತೇನೆ.